ಬೆಂದ ಅನ್ನದ ಅಳತೆ

ಮದರಾಸಿನಿಂದ ಬೆಂಗಳೂರಿಗೆ ಬರುವ ರೈಲುದಾರಿಯು ಜೋಲಾರಪೇಟೆ, ಕುಪ್ಪಂಗಳನ್ನು ದಾಟಿ ಹಳೆಯ ಮೈಸೂರು ಸೀಮೆಯನ್ನು ಹೊಕ್ಕ ಬಳಿಕ ದೊರೆಯುವ ಮುಖ್ಯ ನಿಲ್ದಾಣವೇ ಬಂಗಾರಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಸಾಹೇಬರ ಹೆಸರಿನಿಂದ ಬೌರಿಂಗ್‌ಪೇಟೆಯೆಂದು ಬಹುಕಾಲ ಪ್ರಸಿದ್ಧವಾಗಿದ್ದ ಊರು ಇದೇ. ಈ ದಾರಿಯು 1864ರಲ್ಲಿ ತೆರೆಯಲ್ಪಟ್ಟಿತು. ಅಲ್ಲಿಂದ ಚಿನ್ನದ ಗಣಿಗಳ ಕಡೆಗೆ ಮಾರಿಕುಪ್ಪದವರೆಗೆ ಕವಲುದಾರಿಯು 1894ರಲ್ಲಿ ಏರ್ಪಟ್ಟಿತು. ಆ ಮೇಲೆ ನೂರು ವರ್ಷಗಳಿಗೂ ಮಿಕ್ಕಿ ಈ ನಿಲ್ದಾಣದ ಮೂಲಕ ಚಿನ್ನವು ಹೊರಕ್ಕೂ ಧಾನ್ಯವು ಒಳಕ್ಕೂ ಸಾಗಿದುವು. ಚಿನ್ನವನ್ನು ಔನ್ಸಿನ ಅತ್ಯಲ್ಪ ಭಾಗದವರೆಗೆ ತೂಗಿ ಬರೆದಿಡುತ್ತಿದ್ದರು. ಧಾನ್ಯವನ್ನು ಮೂಟೆಯ ಲೆಕ್ಕದಲ್ಲಿ ಬರೆದಿಡುತ್ತಿದ್ದರು. ಆದರೆ ಮೂಟೆಯ ಬಾಯಿ ಬಿಚ್ಚಿ, ಧಾನ್ಯವು ಕೊಪ್ಪರಿಗೆಯೊಳಗೆ ಬಿದ್ದು, ಬೆಂದು, ಸೌಟಿನಿಂದ ಎಲೆಯ ಮೇಲೆ ಬೀಳುವ ವೇಳೆಗೆ ಆ ಲೆಕ್ಕವು ಎಲ್ಲಿ ಹೋಯಿತೆಂಬುದನ್ನು ಹುಡುಕಿ ನೋಡಿದವರು ಕಡಮೆ. ಹಸಿದವನ ಹೊಟ್ಟೆಗೆ ಸೇರುವುದು ಮೂಟೆಯಲ್ಲ, ಸೌಟು. ಆದುದರಿಂದ ಈ ಸೀಮೆಯಲ್ಲಿ ಬೆಂದ ಅನ್ನವನ್ನು ಅಳೆದು ಹಂಚಿದ ರೀತಿಯ ಚರಿತ್ರೆಯನ್ನು ಸ್ವಲ್ಪ ವಿಚಾರಿಸುವುದು ಉಚಿತವಾಗಿದೆ.

ಬೇಯದ ಧಾನ್ಯವನ್ನು ಅಳೆಯುವುದರಲ್ಲಿ ನಮ್ಮ ಹಿರಿಯರು ಎಂದೂ ಹಿಂದೆ ಬಿದ್ದವರಲ್ಲ. ಪಾವು, ಸೇರು, ಬಳ್ಳ, ಕೊಳಗ, ಖಂಡುಗಗಳೆಂಬ ಮೆಟ್ಟಲುಗಳು ಒಂದರ ಮೇಲೊಂದಾಗಿ ನಿಂತಿದ್ದವು. ಮೈಸೂರು ಸೀಮೆಯ ಕಚ್ಚಾ ಸೇರೆಂಬುದು ಇಪ್ಪತ್ತನಾಲ್ಕು ರೂಪಾಯಿ ನಾಣ್ಯಗಳ ತೂಕ, ಎಂದರೆ ಈಗಿನ ಸುಮಾರು 280 ಗ್ರಾಂ. ಪಕ್ಕಾ ಸೇರು ಎಂಬತ್ತನಾಲ್ಕು ರೂಪಾಯಿಗಳ ತೂಕ. ಅಂಚಿಗೆ ಸಮನಾಗಿ ಸವರಿದ ಸೇರು ಬೇರೆ, ಗೋಪುರಗಟ್ಟಿ ತುಂಬಿದ ಸೇರು ಬೇರೆ. ಕೊಳ್ಳುವಾಗ ಎರಡನೆಯದೂ ಮಾರುವಾಗ ಮೊದಲನೆಯದೂ ಎಲ್ಲರಿಗೂ ಪ್ರಿಯವಾಗಿದ್ದುವು. 1956ರ ಶಾಸನದಿಂದ ಮೆಟ್ರಿಕ್ ತೂಕಗಳು ವಿಧಿಸಲ್ಪಟ್ಟು, 1958ರ ಅಕ್ಟೋಬರಿನಿಂದ ಬಳಕೆಗೆ ಬಂದ ಮೇಲೆಯೂ ಹಳ್ಳಿಯ ಮುದುಕಿಯರು ಪಾವು, ಸೇರುಗಳಲ್ಲಿಯೇ ಅಕ್ಕಿಯನ್ನು ಅಳೆದು ಒಲೆಗೆ ಹಾಕುತ್ತಿದ್ದರು.

ಕಷ್ಟವು ಪ್ರಾರಂಭವಾಗುವುದು ಒಲೆಯ ಮೇಲೆ. ನೂರು ಗ್ರಾಂ ಅಕ್ಕಿಯನ್ನು ಉದುರಾಗಿ ಬೇಯಿಸಿದರೆ ಅನ್ನವು ಸುಮಾರು 270 ಗ್ರಾಂ ಆಗುವುದು, ಮೆತ್ತಗೆ ಬೇಯಿಸಿದರೆ 300 ಗ್ರಾಮನ್ನೂ ಮೀರುವುದು, ಗಂಜಿಯಾದರೆ ಹೇಳತಕ್ಕದ್ದೇ ಇಲ್ಲ. ಕೋಲಾರ ಸೀಮೆಯ ಜೀವಾಳವಾದ ರಾಗಿಹಿಟ್ಟಿಗೆ ಎರಡರಿಂದ ಎರಡೂವರೆ ಪಾಲು ನೀರು ಸೇರಿ ಮುದ್ದೆಯಾಗುವುದು. ಹೀಗೆ ಸೇರಿದ ನೀರು ತೂಕವನ್ನು ಹೆಚ್ಚಿಸುವುದೇ ಹೊರತು ಸತ್ತ್ವವನ್ನು ಹೆಚ್ಚಿಸದು. ಆಳುಕಾಳುಗಳಿದ್ದ ಮನೆಗಳಲ್ಲಿ ಮುದ್ದೆಯನ್ನು ಎಣಿಸಿ ಹಾಕುವುದು ವಾಡಿಕೆ. ಹೊಲದ ಆಳಿಗೆ ಎರಡು ಮುದ್ದೆಯೆಂದರೆ ಎರಡು ಮುದ್ದೆ. ಆದರೆ ಮುದ್ದೆಯ ಗಾತ್ರವು ಮನೆಯೊಡತಿಯ ಅಂಗೈಗೂ ಮನಸ್ಸಿಗೂ ಅಧೀನವಾದದ್ದು. ಮುದ್ದೆಕೋಲು ಹಿಡಿದು ತಿರುವಿದ ಕೈಗೆ ಅಂದಿನ ಹಿಟ್ಟು ಎಷ್ಟು, ಎಸರು ಎಷ್ಟು ಎಂಬುದು ಗೊತ್ತಿರುತ್ತಿತ್ತು. ಉಣ್ಣುವವನಿಗೆ ಎಣಿಕೆಯು ಮಾತ್ರ ಗೊತ್ತಿರುತ್ತಿತ್ತು.

ಈ ಸಂಕಟವು ಇತ್ತೀಚಿನದೆಂದು ತಿಳಿಯಬಾರದು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಪಂಡಿತ ರುದ್ರಪಟ್ಟಣದ ಶಾಮಾಶಾಸ್ತ್ರಿಗಳ ಕೈಸೇರಿ, 1909ರಲ್ಲಿ ಮುದ್ರಿತವಾಗಿ ಲೋಕವನ್ನೇ ಬೆರಗುಗೊಳಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಕೋಷ್ಠಾಗಾರಾಧ್ಯಕ್ಷನ, ಎಂದರೆ ಉಗ್ರಾಣದ ಅಧಿಕಾರಿಯ, ಕರ್ತವ್ಯಗಳು ವಿವರಿಸಲ್ಪಟ್ಟಿವೆ. ಕುಟ್ಟಿದಾಗ, ಬೀಸಿದಾಗ, ಹುರಿದಾಗ, ನೆನೆಹಾಕಿದಾಗ, ಬೇಯಿಸಿದಾಗ ಧಾನ್ಯವು ಎಷ್ಟು ಹೆಚ್ಚುವುದು ಎಷ್ಟು ಕುಗ್ಗುವುದು ಎಂಬುದನ್ನು ಆ ಅಧಿಕಾರಿಯು ತಾನೇ ಪ್ರತ್ಯಕ್ಷವಾಗಿ ಕಂಡುಕೊಳ್ಳಬೇಕೆಂದು ಅಲ್ಲಿ ವಿಧಿಯಿದೆ. ಇತರರ ಮಾತನ್ನು ನಂಬಿ ಬರೆದಿಟ್ಟರೆ ಸಾಲದು. ಹಾರಕ, ನವಣೆ ಮೊದಲಾದ ಕಿರುಧಾನ್ಯಗಳು ಬೆಂದಾಗ ಮೂರರಷ್ಟು, ವ್ರೀಹಿಯೆಂಬ ಅಕ್ಕಿ ನಾಲ್ಕರಷ್ಟು, ಶಾಲಿಯೆಂಬ ಅಕ್ಕಿ ಐದರಷ್ಟು ಆಗುವುದೆಂದು ಅವನು ಲೆಕ್ಕ ಕೊಟ್ಟಿದ್ದಾನೆ. ಇದು ಪಾತ್ರೆಯ ಅಳತೆಯಾದುದರಿಂದ ಇಂದಿನ ತೂಕಕ್ಕೆ ನೇರವಾಗಿ ಹೊಂದದು. ಹಾಗಿದ್ದರೂ ಬೇಯದುದಕ್ಕೂ ಬೆಂದುದಕ್ಕೂ ನಡುವೆ ಒಂದು ಗುಣಕವಿರಬೇಕು, ಅದನ್ನು ಧಾನ್ಯಧಾನ್ಯಕ್ಕೂ ಬೇರೆಯಾಗಿ ಬರೆದಿಡಬೇಕು ಎಂಬ ತತ್ತ್ವವನ್ನು ಆತನು ಸ್ಪಷ್ಟವಾಗಿ ಕಂಡಿದ್ದನು. ಒಬ್ಬ ಆರ್ಯನ ಊಟಕ್ಕೆ ಒಂದು ಪ್ರಸ್ಥ ಅಕ್ಕಿ, ಅದರ ಕಾಲುಭಾಗ ತೊವ್ವೆ, ತೊವ್ವೆಯ ಕಾಲುಭಾಗ ತುಪ್ಪ ಅಥವಾ ಎಣ್ಣೆ, ಹದಿನಾರನೆಯ ಒಂದು ಭಾಗ ಉಪ್ಪು. ಹೆಂಗಸಿಗೆ ಇದರಲ್ಲಿ ಕಾಲುಪಾಲು ಕಡಮೆ, ಮಕ್ಕಳಿಗೆ ಅರ್ಧ. ಕೆಳಗಿನ ದರ್ಜೆಯ ಜನರಿಗೆ ತೊವ್ವೆಯೂ ಎಣ್ಣೆಯೂ ಕಡಮೆ. ಈ ಕಡೆಯ ವಿಧಿಯನ್ನು ಇಂದು ಯಾರೂ ಮೆಚ್ಚಲಾರರು. ಶ್ರಮಪಡುವವನಿಗೇ ಬೇಳೆಯನ್ನು ಕುಗ್ಗಿಸಿದ ನ್ಯಾಯವು ಎಂತಹುದೋ! ಆದರೆ ಉಗ್ರಾಣ, ಒಲೆ, ಎಲೆ ಈ ಮೂರನ್ನೂ ಒಂದೇ ಲೆಕ್ಕದ ಸರಪಣಿಯಲ್ಲಿ ಕಟ್ಟಬೇಕೆಂಬ ದೃಷ್ಟಿಯು ಮಾತ್ರ ಸ್ಮರಣೀಯವಾದದ್ದು.

ಈ ಸರಪಣಿಯು ಎಷ್ಟು ಮುಖ್ಯವೆಂಬುದು ಕೋಲಾರ ಸೀಮೆಗೆ 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮನದಟ್ಟಾಯಿತು. ಮೈಸೂರು ಆಗ ಇಂಗ್ಲಿಷ್ ಕಮಿಷನರ ಆಡಳಿತದಲ್ಲಿತ್ತು, ಸಿ. ಬಿ. ಸಾಂಡರ್ಸ್ ಎಂಬುವರು ಮುಖ್ಯ ಕಮಿಷನರು. ಅತಿಯಾಗಿ ಪೀಡಿತವಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೆ ಮಿಕ್ಕಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಮೆಯಾಗಿ ಕಂಡುಬಂದಿತು. ಈ ಅಂಕಿಗಳನ್ನು ಓದುವುದು ಸುಲಭ, ಅವುಗಳ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳುವುದು ದುಸ್ತರ. ಸಂಸ್ಥಾನದೊಳಗೆ ಆಗ ಇದ್ದ ರೈಲುದಾರಿಯು ಬೌರಿಂಗ್‌ಪೇಟೆಯ ಮೇಲೆ ಹಾದುಹೋಗುವ ಮದರಾಸು ದಾರಿಯೊಂದೇ ಆದುದರಿಂದ ಹೊರಗಿನ ಧಾನ್ಯವೆಲ್ಲವೂ ಬಹುಮಟ್ಟಿಗೆ ಅದೇ ಹಳಿಗಳ ಮೇಲೆ ಬರಬೇಕಾಗಿತ್ತು.

ಬಂದ ಧಾನ್ಯವನ್ನು ಜನರಿಗೆ ಮುಟ್ಟಿಸುವುದಕ್ಕೆ ಎರಡು ಮಾರ್ಗಗಳಿದ್ದುವು. ಕೆಲಸ ಕೊಟ್ಟು ಕೂಲಿ ಕೊಡುವುದು ಒಂದು, ಬೇಯಿಸಿದ ಅನ್ನವನ್ನೇ ಬಡಿಸುವುದು ಇನ್ನೊಂದು. ಮೈಸೂರಿನಲ್ಲಿ ಎರಡನೆಯ ಮಾರ್ಗವು ಬಹಳ ಬೆಳೆಯಿತು; ಅನ್ನದ ಕೊಟ್ಟಿಗೆಗಳು ಊರೂರಲ್ಲಿ ಎದ್ದುವು. 1877ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿಟ್ಟನ್ ಪ್ರಭುಗಳು ಬಂದು ನೋಡಿದ ಮೇಲೆ ಚಾರ್ಲ್ಸ್ ಎಲಿಯಟ್ ಎಂಬುವರನ್ನು ಮೈಸೂರಿನ ಕ್ಷಾಮ ಕಮಿಷನರಾಗಿ ನೇಮಿಸಿದರು. ಗಟ್ಟಿಮುಟ್ಟಾದವರನ್ನು ಕೊಟ್ಟಿಗೆಗಳಿಂದ ಎಬ್ಬಿಸಿ ಕೆಲಸದ ಶಿಬಿರಗಳಿಗೆ ಕಳುಹಿಸಬೇಕೆಂಬುದು ಅವರ ನೀತಿಯಾಗಿತ್ತು. ಆ ಕ್ಷಾಮದ ಚರಿತ್ರೆಯನ್ನು ವರದಿಯಾಗಿ ಬರೆದವರೂ ಅವರೇ.

ನೆರೆಯ ಮದರಾಸು ಪ್ರಾಂತದಲ್ಲಿ ಅದೇ ವರ್ಷ ಅನ್ನದ ತೂಕವೇ ಒಂದು ದೊಡ್ಡ ವ್ಯಾಜ್ಯವಾಯಿತು. ಇಂಡಿಯಾ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಎಂಬುವರು, ಕೂಲಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯನ್ನೂ ಅದರ ಮೇಲೆ ಅರ್ಧ ಆಣೆಯನ್ನೂ ಕೊಟ್ಟರೆ ಸಾಕೆಂದು 1877ರ ಆದಿಯಲ್ಲಿ ಗೊತ್ತುಪಡಿಸಿದರು. ಅದಕ್ಕೆ ಹಿಂದೆ ಒಂದೂವರೆ ಪೌಂಡಿನ ಲೆಕ್ಕವಿತ್ತು. ಮದರಾಸಿನ ಆರೋಗ್ಯ ಕಮಿಷನರಾದ ಡಾಕ್ಟರ್ ಡಬ್ಲ್ಯು. ಆರ್. ಕಾರ್ನಿಷ್ ಇದನ್ನು ಬಲವಾಗಿ ಪ್ರತಿಭಟಿಸಿದರು. ದಕ್ಷಿಣದ ಜನರ ಆಹಾರವನ್ನೂ ಸೆರೆಮನೆಗಳ ಊಟವನ್ನೂ ವರ್ಷಗಟ್ಟಲೆ ಪರೀಕ್ಷಿಸಿದ್ದ ಅವರು, ಮೈಮುರಿದು ದುಡಿಯುವವನು ಇಷ್ಟರಲ್ಲಿ ಬದುಕಲಾರನೆಂದೂ ಬೇಳೆಯ ಅಂಶವು ತೀರ ಸಾಲದೆಂದೂ ವಾದಿಸಿದರು. ಕೆಲವು ತಿಂಗಳ ಬಳಿಕ ಕೂಲಿಯನ್ನು ಹೆಚ್ಚಿಸಬೇಕಾಯಿತು. ಅಷ್ಟರಲ್ಲಿ ಹೋದ ಜೀವಗಳು ತಿರುಗಿ ಬರಲಿಲ್ಲ.

ಗಮನಿಸತಕ್ಕ ವಿಷಯವೇನೆಂದರೆ, ಈ ವಾದವೆಲ್ಲವೂ ಔನ್ಸು, ಪೌಂಡುಗಳಲ್ಲಿಯೂ ಸಾರಜನಕದ ಪ್ರಮಾಣದಲ್ಲಿಯೂ ನಡೆಯಿತು. ಕ್ಯಾಲೊರಿಯೆಂಬ ಮಾತು ಆಗ ಊಟದ ಲೆಕ್ಕದಲ್ಲಿ ಬಳಕೆಗೆ ಬಂದಿರಲಿಲ್ಲ. ಇಂದಿನ ಕೋಷ್ಟಕದಿಂದ ಲೆಕ್ಕಹಾಕಿದರೆ, ನೂರು ಗ್ರಾಂ ಅಕ್ಕಿಗೆ 345ರಂತೆ ಒಂದು ಪೌಂಡಿಗೆ, ಎಂದರೆ 454 ಗ್ರಾಮಿಗೆ, ಸುಮಾರು 1,570 ಕ್ಯಾಲೊರಿಗಳಾಗುವುವು. ಒಂದೂವರೆ ಪೌಂಡಿಗೆ ಸುಮಾರು 2,350. ಕುಳಿತು ಬರೆಯುವವನಿಗೂ ಮೊದಲನೆಯದು ಸಾಲದು, ಮಣ್ಣು ಹೊರುವವನ ಮಾತೇನು?

ಇದು ಕೂಲಿಯ ಕಥೆಯಾಯಿತು. ಅನ್ನದ ಕೊಟ್ಟಿಗೆಯಲ್ಲಿ ಇನ್ನೊಂದು ತೊಡಕಿದ್ದಿತು. ಕೂಲಿಯಾಗಿ ಧಾನ್ಯದ ಬೆಲೆಯನ್ನು ಪಡೆದವನು ತಾನೇ ಅಳೆದು ಕೊಂಡು ತಾನೇ ಬೇಯಿಸಿಕೊಳ್ಳುವನು. ಅವನ ಪಾಲಿನ ನೀರನ್ನು ಅವನೇ ಹಾಕಿಕೊಳ್ಳುವನು. ಕೊಟ್ಟಿಗೆಯ ಮುಂದೆ ಸಾಲಾಗಿ ಕುಳಿತವನಿಗೆ ಕೊಪ್ಪರಿಗೆಯೊಳಗೆ ಎಷ್ಟು ಸೇರು ಬಿದ್ದಿತೆಂಬುದು ತಿಳಿಯುವ ಮಾರ್ಗವಿಲ್ಲ. ಒಂದು ಪೌಂಡು ಅಕ್ಕಿಯು ಉದುರನ್ನವಾದರೆ ಮೂರು ಪೌಂಡಿಗೆ ಸಮೀಪವಾಗುವುದು. ಅದನ್ನೇ ಎಂಟು ಪೌಂಡು ಗಂಜಿಯಾಗಿಯೂ ಮಾಡಬಹುದು. ಎರಡನ್ನೂ ಒಂದೇ ಬಟ್ಟಲಿನಿಂದ ಅಳೆದು ಕೊಟ್ಟರೆ ಒಂದರಲ್ಲಿ ಊಟವೂ ಇನ್ನೊಂದರಲ್ಲಿ ಊಟದ ನೆರಳೂ ದೊರೆಯುವುದು. ಇದರ ಜೊತೆಗೆ, ಯಾರು ಬೇಯಿಸಿದ್ದಾರೆಂಬ ಶಂಕೆಯಿಂದ ಮನೆಯಲ್ಲಿಯೇ ಬಾಗಿಲು ಹಾಕಿಕೊಂಡು ಬಿದ್ದವರೂ ಇದ್ದರು. ಬೆಂದ ಅನ್ನವನ್ನು ಸ್ವೀಕರಿಸಲು ಜನರು ಹಿಂಜರಿಯುವರೆಂಬುದನ್ನು ಅಧಿಕಾರಿಗಳು ಬಲ್ಲರು. ಅದನ್ನೇ ನಿಜವಾದ ಹಸಿವಿಗೆ ಒರೆಗಲ್ಲಾಗಿ ಬಳಸಿದವರೂ ಉಂಟು. ಒರೆಗಲ್ಲಿಗೆ ಉಜ್ಜಿದರೆ ಚಿನ್ನವು ಸವೆಯುವುದು ಅಲ್ಪ, ಮನುಷ್ಯನು ಸವೆಯುವುದು ಹೆಚ್ಚು.

ಕ್ಷಾಮವು ಕಳೆದ ಎರಡು ವರ್ಷಗಳಲ್ಲಿಯೇ, 1880ರಲ್ಲಿ, ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆಯವರು ಕೋಲಾರದ ಚಿನ್ನದ ಸೀಮೆಗೆ ಬಂದರು. ಮೈಕೇಲ್ ಲಾವೆಲ್ ಎಂಬುವರು 1873ರಲ್ಲಿಯೇ ಇಲ್ಲಿ ಅಗೆಯಲು ಅಪ್ಪಣೆಯನ್ನು ಬೇಡಿದ್ದರು. ಗಣಿಗಳ ಕೆಲಸಕ್ಕೆ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಡವರು ಸಂಸಾರಸಮೇತರಾಗಿ ಬಂದು ಲೈನುಗಳೆಂಬ ಸಾಲುಮನೆಗಳಲ್ಲಿ ನೆಲಸಿದರು. ಆ ಜಿಲ್ಲೆಗಳೂ ಅದೇ ಕ್ಷಾಮದಲ್ಲಿ ಬೆಂದವುಗಳೇ. ಹೀಗೆ ರಾಗಿಯ ನಾಡಿನ ನಡುವೆ ಅನ್ನವನ್ನು ಬಯಸುವ ಒಂದು ಊರು ಹುಟ್ಟಿತು. ಅಲ್ಲಿನ ಮನೆಗಳಲ್ಲಿ ಅನ್ನದ ಗಂಜಿಯನ್ನು ಬಸಿಯುವ ವಾಡಿಕೆಯುಂಟು. ಬಸಿದ ಗಂಜಿಯಲ್ಲಿ ಅಕ್ಕಿಯ ಸತ್ತ್ವದ ಒಂದು ಪಾಲು ಹೋಗುವುದು. ಆ ಗಂಜಿಯನ್ನು ಉಪ್ಪು ಹಾಕಿ ಕುಡಿದರೆ ಲೆಕ್ಕವು ಸರಿಹೋಗುವುದು, ಚೆಲ್ಲಿದರೆ ತಪ್ಪುವುದು.

ಅಷ್ಟರಲ್ಲಿ ಪಶ್ಚಿಮ ದೇಶಗಳಲ್ಲಿ ಆಹಾರವನ್ನು ಶಾಖದಿಂದ ಅಳೆಯುವ ವಿದ್ಯೆಯು ಬೆಳೆಯಿತು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಬಲ್ಲ ಶಾಖವೇ ಆಹಾರಶಾಸ್ತ್ರದ ಒಂದು ಕ್ಯಾಲೊರಿ. ಅಮೆರಿಕದ ಆಟ್ವಾಟರ್ ಪಂಡಿತರು 1890ರ ದಶಕದಲ್ಲಿ ಮನುಷ್ಯನನ್ನೇ ಕೋಣೆಯೊಳಗೆ ಕೂರಿಸಿ, ಅವನು ಉಂಡದ್ದನ್ನೂ ಅವನ ಮೈಯಿಂದ ಹೊರಟ ಶಾಖವನ್ನೂ ಅಳೆದರು. ನಮ್ಮ ದೇಶದಲ್ಲಿ ಈ ವಿದ್ಯೆಗೆ ನೆಲೆಯಾದದ್ದು ನೀಲಗಿರಿಯ ಕೂನೂರು. ಅಲ್ಲಿ ರಾಬರ್ಟ್ ಮೆಕ್ಯಾರಿಸನ್ ಸ್ಥಾಪಿಸಿದ ಪ್ರಯೋಗಶಾಲೆಗೆ 1935ರಲ್ಲಿ ವ್ಯಾಲೆಸ್ ಅಯ್ಕ್ರಾಯ್ಡ್ ಮುಖ್ಯಸ್ಥರಾದರು. ಇಂಡಿಯಾದ ಆಹಾರಪದಾರ್ಥಗಳ ಸತ್ತ್ವವನ್ನು ಕುರಿತ ಅವರ ಪುಸ್ತಿಕೆಯು 1937ರಲ್ಲಿ ಹೊರಟಿತು. ಅಕ್ಕಿ, ರಾಗಿ, ತೊಗರಿ, ಹುರುಳಿಗಳಿಗೆಲ್ಲ ಒಂದೊಂದು ಅಂಕಿ ದೊರೆಯಿತು. ಆ ಅಂಕಿಗಳು ಮುಖ್ಯವಾಗಿ ಬೇಯದ ಪದಾರ್ಥಕ್ಕೆ ಸಂಬಂಧಪಟ್ಟವು ಎಂಬುದನ್ನು ಮರೆಯಲಾಗದು.

ಅಂಕಿಯು ದೊರೆತ ಮೇಲೆ ಸರ್ಕಾರಗಳಿಗೆ ಅದು ಕೈಗೋಲಾಯಿತು. 1946ರ ಆದಿಯಲ್ಲಿ ಧಾನ್ಯದ ಅಭಾವದಿಂದ ಪಡಿತರವು ಆಳೊಂದಕ್ಕೆ ದಿನಕ್ಕೆ 12 ಔನ್ಸಿಗೆ ಇಳಿಸಲ್ಪಟ್ಟಾಗ, ಅದು 1,200 ಕ್ಯಾಲೊರಿಗಳಿಗೂ ಸ್ವಲ್ಪ ಕೆಳಗೆಂದು ಎಲ್ಲರೂ ಲೆಕ್ಕಹಾಕಬಲ್ಲವರಾಗಿದ್ದರು. 1877ರಲ್ಲಿ ಒಬ್ಬ ಕಾರ್ನಿಷರಿಗೆ ತಿಳಿದಿದ್ದ ವಿಷಯವು ಈಗ ವೃತ್ತಪತ್ರಿಕೆಯ ವಾಚಕರಿಗೂ ತಿಳಿದಿದ್ದಿತು.

1956ರ ಕೊನೆಯಲ್ಲಿ ಚಿನ್ನದ ಗಣಿಗಳು ಮೈಸೂರು ಸರ್ಕಾರದ ಕೈಸೇರಿದುವು. ಮರುವರ್ಷ, 1957ರ ಜುಲೈ ತಿಂಗಳಲ್ಲಿ, ಹದಿನೈದನೆಯ ಇಂಡಿಯಾ ಕಾರ್ಮಿಕ ಸಮ್ಮೇಳನವು ಕನಿಷ್ಠ ಕೂಲಿಗೆ ಒಂದು ಸೂತ್ರವನ್ನು ಅಂಗೀಕರಿಸಿತು. ದುಡಿಯುವವನ ಸಂಸಾರವನ್ನು ಮೂರು ಉಣ್ಣುವ ಪಾಲುಗಳೆಂದು ಎಣಿಸಬೇಕು, ಪ್ರತಿಯೊಂದು ಪಾಲಿಗೂ ಅಯ್ಕ್ರಾಯ್ಡರು ವಿಧಿಸಿದ 2,700 ಕ್ಯಾಲೊರಿಗಳ ಆಹಾರವು ದೊರೆಯುವಂತೆ ಕೂಲಿಯನ್ನು ಕಟ್ಟಬೇಕು ಎಂಬುದು ಅದರ ಮುಖ್ಯಾಂಶ. ಮೂರು ಪಾಲುಗಳೆಂಬುದು ಹೇಗೆ ಬಂದಿತು? ಗಂಡಸಿಗೆ ಒಂದು, ಹೆಂಗಸಿಗೆ ದಶಾಂಶ ಎಂಟು, ಮಕ್ಕಳಿಬ್ಬರಿಗೆ ದಶಾಂಶ ಆರರಂತೆ ಒಂದೂ ದಶಾಂಶ ಎರಡು. ಕೌಟಿಲ್ಯನ ಒಂದು, ಮುಕ್ಕಾಲು, ಅರ್ಧಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅದೇ ಸಂಸಾರಕ್ಕೆ ಎರಡೂ ಮುಕ್ಕಾಲು ಪಾಲಾಗುವುದು. ಎರಡು ಸಾವಿರ ವರ್ಷಗಳಿಗೆ ಸಮೀಪವಾದ ಅಂತರದಲ್ಲಿ ವ್ಯತ್ಯಾಸವು ಕಾಲುಪಾಲು ಮಾತ್ರ!

ಆದರೆ ಈ ಸೂತ್ರದಲ್ಲಿಯೂ ಎರಡು ಕೊರತೆಗಳುಂಟು. 2,700 ಎಂಬುದು ಮಧ್ಯಮ ಶ್ರಮದವನ ಅಳತೆ. ಚಾಂಪಿಯನ್ ರೀಫ್ ಗಣಿಯಲ್ಲಿ ಹತ್ತು ಸಾವಿರ ಅಡಿಗಳಿಗೂ ಕೆಳಗೆ, ಬಂಡೆಯೇ ಬೆಂಕಿಯಂತೆ ಕಾದಿರುವಲ್ಲಿ, ಬೈರಿಗೆ ಹಿಡಿದು ನಿಂತವನ ಶ್ರಮವು ಮಧ್ಯಮವಲ್ಲ. ಭಾರಿ ಶ್ರಮದ ಗಂಡಸಿಗೆ ನಮ್ಮ ವೈದ್ಯಸಂಶೋಧನ ಪರಿಷತ್ತಿನವರು 1989ರ ಕೋಷ್ಟಕದಲ್ಲಿ 3,800 ಎಂದು ಬರೆದಿದ್ದಾರೆ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು. ಕೂಲಿಯು ಮೂರು ಪಾಲಾಗಿ ಮನೆಯ ಬಾಗಿಲವರೆಗೆ ಬರುವುದು ನಿಜ. ಒಳಗೆ ಇರುವುದು ಒಂದೇ ತಪ್ಪಲೆ. ಗಣಿಗೆ ಇಳಿಯುವವನಿಗೆ ಮೊದಲು, ಮಕ್ಕಳಿಗೆ ಆಮೇಲೆ, ತಳದಲ್ಲಿ ಹತ್ತಿಕೊಂಡದ್ದು ಬೇಯಿಸಿದವಳಿಗೆ. ಆ ದಶಾಂಶ ಎಂಟು ಅವಳ ತಟ್ಟೆಗೆ ಬಂದಿತೇ ಎಂದು ಯಾವ ಸಮ್ಮೇಳನವೂ ತೂಗಿ ನೋಡುವಂತಿರಲಿಲ್ಲ.

ಇಲ್ಲಿ ಒಂದು ನ್ಯಾಯವನ್ನು ನೆನೆಯಬೇಕಾಗುತ್ತದೆ. ಪಾಠಶಾಲೆಗಳಲ್ಲಿ ಸ್ಥಾಲೀಪುಲಾಕನ್ಯಾಯವೆಂಬುದನ್ನು ಎಲ್ಲರೂ ಕಲಿತಿರುವರು. ಪಾತ್ರೆಯೊಳಗಿನ ಒಂದು ಅಗುಳನ್ನು ಹಿಚುಕಿ ನೋಡಿ, ಅದು ಬೆಂದಿದ್ದರೆ ಉಳಿದ ಅನ್ನವೂ ಬೆಂದಿದೆಯೆಂದು ಊಹಿಸುವುದೇ ಅದು. ಅನ್ನದ ವಿಷಯದಲ್ಲಿ ಈ ನ್ಯಾಯವು ಸರಿಯೇ. ಏಕೆಂದರೆ ಒಂದು ಅಗುಳು ಇನ್ನೊಂದರಂತೆಯೇ ಇರುವುದು. ಹುಳಿಯ ವಿಷಯದಲ್ಲಿ ಅದು ಸಲ್ಲದು. ಬೇಳೆಯು ತಳಕ್ಕೆ ಇಳಿಯುವುದು, ಎಣ್ಣೆಯು ಮೇಲಕ್ಕೆ ತೇಲುವುದು, ನಡುವೆ ತಿಳಿನೀರು. ಕದಡದೆ ಬಡಿಸಿದರೆ ಸಾಲಿನ ಮೊದಲಿಗನಿಗೆ ಎಣ್ಣೆ, ನಡುವಿನವನಿಗೆ ನೀರು, ಕಡೆಯವನಿಗೆ ಬೇಳೆ. ಕ್ಷಾಮದ ಕೊಟ್ಟಿಗೆಯಿಂದ ಹಿಡಿದು ಮದುವೆಯ ಪಂಕ್ತಿಯವರೆಗೆ, ತಳದ ಗಟ್ಟಿಯು ಯಾರಿಗೆ ಸಲ್ಲುವುದೆಂಬುದು ಸೌಟು ಹಿಡಿದವನ ಇಷ್ಟಕ್ಕೆ ಸೇರಿದ್ದು. ಚಿನ್ನದ ಗಣಿಯವರಿಗೆ ಈ ಸತ್ಯವು ಚೆನ್ನಾಗಿ ಗೊತ್ತಿದ್ದಿತು. ಒಂದು ರಾಶಿ ಅದಿರಿನಲ್ಲಿ ಎಷ್ಟು ಚಿನ್ನವಿದೆಯೆಂದು ತಿಳಿಯಬೇಕಾದರೆ ಪರೀಕ್ಷಕನು ಮೇಲಿನ ಒಂದು ಕಲ್ಲನ್ನು ಆರಿಸಿ ತೂಗುವುದಿಲ್ಲ. ಅದಿರನ್ನು ಪುಡಿಮಾಡಿ, ಚೆನ್ನಾಗಿ ಬೆರೆಸಿ, ಗುಡ್ಡೆ ಹಾಕಿ, ಆ ಗುಡ್ಡೆಯನ್ನು ನಾಲ್ಕು ಪಾಲುಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಉಳಿಸಿಕೊಂಡು, ಮತ್ತೆ ಬೆರೆಸಿ, ಮತ್ತೆ ಪಾಲುಮಾಡುತ್ತ, ಕಡೆಗೆ ಉಳಿದ ಹಿಡಿಯನ್ನು ಒಲೆಗೆ ಇಡುವನು. ಟನ್ನಿಗೆ ಕೆಲವು ಗ್ರಾಂ ಚಿನ್ನಕ್ಕಾಗಿ ಇಷ್ಟು ಶ್ರದ್ಧೆ. ಅದೇ ಊರಿನ ಹುಳಿಯ ಕೊಪ್ಪರಿಗೆಗೆ ಅದರ ನೂರರಲ್ಲೊಂದು ಪಾಲು ಶ್ರದ್ಧೆಯು ಸಾಕಾಗಿದ್ದಿತು.

ಈಚೆಗೆ ಮಧುಮೇಹದ ಭಯದಿಂದಲೋ ಮೈಭಾರದ ಚಿಂತೆಯಿಂದಲೋ ಅನೇಕ ವಿದ್ಯಾವಂತರ ಮನೆಗಳಲ್ಲಿ ಪುಟ್ಟ ತಕ್ಕಡಿಗಳು ಅಡುಗೆಮನೆಯನ್ನು ಸೇರಿವೆ. ತಟ್ಟೆಯ ಮೇಲಿನ ಅನ್ನವನ್ನು ತೂಗಿ, ಬೇಯದ ಅಕ್ಕಿಯ ಅಂಕಿಯಿಂದ ಗುಣಿಸಿ, ಒಂದು ಹೊತ್ತಿಗೆ ಸಾವಿರ ಕ್ಯಾಲೊರಿ ಉಂಡೆವೆಂದು ಗಾಬರಿಗೊಳ್ಳುವವರೂ ಇದ್ದಾರೆ. ಸರಿಯಾದ ಕ್ರಮವು ಕಠಿನವೇನೂ ಅಲ್ಲ. ಬರಿಯ ಪಾತ್ರೆಯನ್ನು ಮೊದಲು ತೂಗಿ ಬರೆದಿಡಬೇಕು. ಒಳಗೆ ಹಾಕಿದ ಅಕ್ಕಿ, ಬೇಳೆ, ಎಣ್ಣೆಗಳ ಹಸಿಯ ತೂಕದಿಂದ ಒಟ್ಟು ಕ್ಯಾಲೊರಿಯನ್ನು ಕಂಡುಕೊಳ್ಳಬೇಕು. ಬೆಂದ ಮೇಲೆ ಪಾತ್ರೆಸಮೇತ ತೂಗಿ, ಪಾತ್ರೆಯ ತೂಕವನ್ನು ಕಳೆಯಬೇಕು. ಉಳಿದ ತೂಕದಲ್ಲಿ ಎಲೆಗೆ ಬಿದ್ದದ್ದು ಎಷ್ಟನೆಯ ಭಾಗವೋ ಒಟ್ಟಿನಲ್ಲಿ ಅಷ್ಟನೆಯ ಭಾಗವು ಉಂಡವನ ಲೆಕ್ಕ. ನೀರು ಎಷ್ಟಾದರೂ ಇರಲಿ, ಅದು ಎರಡು ಕಡೆಯೂ ಸಮನಾಗಿ ಹೊಂದಿಕೊಂಡು ಹೋಗುವುದು. ಕೋಲಾರ ಸೀಮೆಯ ಬಸ್ಸಾರು ಮಾತ್ರ ಈ ಲೆಕ್ಕವನ್ನು ಸ್ವಲ್ಪ ಕಾಡುವುದು. ಬೇಯಿಸಿದ ಕಾಳುಸೊಪ್ಪುಗಳ ಕಟ್ಟನ್ನು ಬಸಿದು ಸಾರು ಮಾಡಿ, ಉಳಿದ ಗಟ್ಟಿಯನ್ನು ಪಲ್ಯ ಮಾಡುವುದರಿಂದ ಒಂದು ಪಾತ್ರೆಯ ಸತ್ತ್ವವು ಎರಡಾಗಿ ಒಡೆಯುವುದು. ಸಾರನ್ನು ಬಿಟ್ಟು ಪಲ್ಯವನ್ನು ಉಂಡವನೂ ಪಲ್ಯವನ್ನು ಬಿಟ್ಟು ಸಾರನ್ನು ಉಂಡವನೂ ಸಮನಾಗಿ ಉಣ್ಣಲಿಲ್ಲ. ಅಂತಹ ದಿನ ಮುದ್ದೆಯೊಂದನ್ನು ತೂಗಿ ಬಸ್ಸಾರನ್ನು ಹಾಗೆಯೇ ಬಿಟ್ಟುಬಿಡುವುದೇ ಲೇಸು. ರುಚಿಯಾದ ಪದಾರ್ಥವನ್ನು ಅಷ್ಟೊಂದು ಹಿಂಸಿಸಲಾಗದು.

ಮನೆಯಲ್ಲಿ ತಪ್ಪಿದರೆ ಮಹಾನಷ್ಟವಿಲ್ಲ. ನಷ್ಟವಾಗುವುದು ಪರರ ಸೌಟನ್ನು ನಂಬಿ ಕುಳಿತವರಿಗೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಲ್ಪಟ್ಟುವು. ನೂರಿಪ್ಪತ್ತು ವರ್ಷಗಳ ಕೂಲಿಯು ಒಂದು ದಿನ ನಿಂತಿತು. ಅದೇ ವರ್ಷದ ನವೆಂಬರ್ 28ರಂದು, ಎಂದರೆ ಸರಿಯಾಗಿ ಒಂಬತ್ತು ತಿಂಗಳಿಗೆ, ದೇಶದ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಕನಿಷ್ಠ 300 ಕ್ಯಾಲೊರಿಗಳೂ 8ರಿಂದ 12 ಗ್ರಾಂ ಸಸಾರಜನಕವೂ ಉಳ್ಳ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞಾಪಿಸಿತು. ಬರಿಯ ಧಾನ್ಯವನ್ನು ಅಳೆದು ಕೊಟ್ಟರೆ ಸಾಲದು, ಬೇಯಿಸಿದ ಊಟವೇ ಆಗಬೇಕೆಂದು ಅದು ವಿಧಿಸಿದುದು ಗಮನಾರ್ಹ. ಕರ್ನಾಟಕದಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ ನಡೆದ ಈ ಏರ್ಪಾಡು 2003ರಲ್ಲಿ ಕೋಲಾರವೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ಹಬ್ಬಿತು. ಜನರು ಅದನ್ನು ಬಿಸಿಯೂಟವೆಂದು ಕರೆದರು. ತಂದೆಯ ಕೂಲಿಯು ನಿಂತುಹೋಗಿದ್ದ ಲೈನುಮನೆಗಳ ಮಕ್ಕಳಿಗೆ ಮಧ್ಯಾಹ್ನದ ಗಂಟೆಯು ಎಂತಹ ಶಬ್ದವಾಗಿ ಕೇಳಿಸಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

ಮುಂದೆ 2006ರಲ್ಲಿ ಕೆಳಗಿನ ತರಗತಿಗಳ ಮಕ್ಕಳಿಗೆ 450 ಕ್ಯಾಲೊರಿ, 12 ಗ್ರಾಂ ಸಸಾರಜನಕವೆಂದು ಅಳತೆಯನ್ನು ಹೆಚ್ಚಿಸಿದರು. ಮೇಲಿನ ತರಗತಿಗಳಿಗೆ 700 ಕ್ಯಾಲೊರಿ, 20 ಗ್ರಾಂ ಎಂಬ ಅಳತೆಯು ಬಳಿಕ ಸೇರಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮದ ಎರಡನೆಯ ಅನುಸೂಚಿಯಲ್ಲಿ ಈ ಅಂಕಿಗಳು ಅಚ್ಚಾದುವು. ಕಾರ್ನಿಷರು ಮೇಲಧಿಕಾರಿಗಳೊಡನೆ ಕಾದಾಡಬೇಕಾಗಿದ್ದ ವಿಷಯವು ಮಗುವಿನ ಹಕ್ಕಾಗಿ ಶಾಸನವನ್ನು ಹೊಕ್ಕಿತು. ಪದಾರ್ಥದ ಪ್ರಮಾಣವಾದರೋ ಕೆಳಗಿನವರಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಮೇಲಿನವರಿಗೆ ಕ್ರಮವಾಗಿ 150, 30, 75, ಏಳೂವರೆ. ಮೊದಲನೆಯದನ್ನು ಕೂಡಿಸಿ ನೋಡಿದರೆ ಅಕ್ಕಿಗೆ 345, ಬೇಳೆಗೆ 67, ಎಣ್ಣೆಗೆ 45, ಒಟ್ಟು 457. ತರಕಾರಿಯದು ಅದರ ಮೇಲೆ. ಉಗ್ರಾಣದ ಲೆಕ್ಕವು ಶುದ್ಧವಾಗಿದೆ. ಇನ್ನು ಸೌಟಿನ ಲೆಕ್ಕ.

ಎಲ್ಲ ಪದಾರ್ಥಗಳೂ ಎರಡಕ್ಕೆ ಮೂರರ ಪ್ರಮಾಣದಲ್ಲಿರುವುದರಿಂದ ಸೌಟು ಒಂದೇ ಇದ್ದರೂ ಸಾಕು; ಚಿಕ್ಕವರಿಗೆ ಎರಡು, ದೊಡ್ಡವರಿಗೆ ಮೂರು. ಒಂದು ಶಾಲೆಯಲ್ಲಿ ಅಂದು 60 ಮಂದಿ ಚಿಕ್ಕವರೂ 40 ಮಂದಿ ದೊಡ್ಡವರೂ ಬಂದಿದ್ದಾರೆಂದು ಭಾವಿಸೋಣ. ಅಕ್ಕಿಯು 6 ಮತ್ತು 6, ಒಟ್ಟು 12 ಕಿಲೋಗ್ರಾಂ. ಬೆಂದ ಅನ್ನವು 34 ಕಿಲೋ ಆಯಿತು. ಬಡಿಸಬೇಕಾದ ಸೌಟುಗಳು 120 ಮತ್ತು 120, ಒಟ್ಟು 240. ಸೌಟಿಗೆ ಸುಮಾರು 142 ಗ್ರಾಂ ಬೀಳಬೇಕು. ಅಡುಗೆಯವರು ಒಂದೆರಡು ಸಲ ತೂಗಿ ನೋಡಿದರೆ ಕೈಗೆ ಹದವು ಹತ್ತುವುದು. ಮರುದಿನ ಅಕ್ಕಿಯು ಹಳೆಯದಾಗಿಯೋ ನೀರು ಹೆಚ್ಚಾಗಿಯೋ ಅನ್ನವು 39 ಕಿಲೋ ಆಯಿತೆಂದು ಭಾವಿಸೋಣ. ಅಂದು ಸೌಟಿಗೆ 162 ಗ್ರಾಂ ಬೀಳಬೇಕು. ನೆನ್ನೆಯ ಹದದಲ್ಲಿಯೇ ಬಡಿಸಿಬಿಟ್ಟರೆ ಪಾತ್ರೆಯಲ್ಲಿ ಐದು ಕಿಲೋಗ್ರಾಮಿನಷ್ಟು ಅನ್ನವು ಮಿಗುವುದು. ಮಕ್ಕಳಿಗೆ ಸಾಕಾಗಿ ಮಿಕ್ಕಿತೆಂದು ನೋಡಿದವರು ತಿಳಿಯುವರು. ಪುಸ್ತಕದಲ್ಲಿ 100 ಗ್ರಾಂ ಅಕ್ಕಿಯನ್ನು ಉಂಡನೆಂದು ಬರೆಯಲ್ಪಟ್ಟ ಚಿಕ್ಕ ಹುಡುಗನು ಅಂದು ನಿಜವಾಗಿ ಉಂಡದ್ದು 87 ಗ್ರಾಂ.